ಪಲ್ಲಕ್ಕಿಯ ಫಕೀರಪ್ಪನ ಮೊಣಕಾಲು

ಈ ಕಥೆಯನ್ನು ಹೊಳೆಯ ಆ ದಂಡೆಯವರು ಬೇರೆ ಥರ ಹೇಳುತ್ತಾರೆ. ಅವರ ಮಾತು ಕೇಳಬೇಡಿ. ನನ್ನಷ್ಟು ಸರಿಯಾಗಿ ಹೇಳುವವರು ವರದಾ ಹೊಳೆಯ ಎರಡೂ ದಂಡೆಯಲ್ಲಿ ಇಲ್ಲ.

ದಂಡೆಯ ಮೇಲೆ ಒಂದು ಮಠ. ಮಠಕ್ಕೊಬ್ಬರು ಅಜ್ಜಾರು. ಸ್ವಾಮಿಗಳ ವಯಸ್ಸು ಎಷ್ಟೇ ಇರಲಿ, ನಮ್ಮ ಕಡೆ ಅಜ್ಜಾರು ಅಂತಲೇ ಕರೆಯುವುದು.

ಅಜ್ಜಾರಿಗೆ ಶಿಷ್ಯರು ಬಹಳ. ಅವರಲ್ಲಿ ಫಕೀರಪ್ಪ ಮಾತ್ರ ಒಂದು ಮಂತ್ರವನ್ನೂ ಕಲಿತವನಲ್ಲ. ಶ್ರಾವಣದ ಕಡೇ ಸೋಮವಾರ ಅಜ್ಜಾರನ್ನು ಪಲ್ಲಕ್ಕಿಯಲ್ಲಿ ಕೂರಿಸಿ ಊರು ಸುತ್ತಿಸುತ್ತಾರಲ್ಲ, ಆ ಪಲ್ಲಕ್ಕಿಯ ಮುಂದಿನ ಎಡಗಡೆಯ ಹೆಗಲು ಅವನದು. ಮೀಸೆ ಬಂದಾಗಿನಿಂದ ಅದೇ ಹೆಗಲು, ಅದೇ ಜಾಗ.

ಎಂಥ ಹೆಗಲು ಅಂತೀರಿ! ಒಂದು ವರ್ಷ ದಾರಿಯ ಹಳ್ಳದಲ್ಲಿ ನೀರು ಏರಿ, ಉಳಿದ ಮೂವರೂ ಪಲ್ಲಕ್ಕಿ ಬಿಟ್ಟು ಮರ ಹತ್ತಿದರು. ಫಕೀರಪ್ಪ ಒಬ್ಬನೇ ಹೊತ್ತು ದಾಟಿದ. ಎದುರಿಗೆ ಬಂದ ಮೊಸಳೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ನೀರು ಅವನ ಮೊಣಕಾಲಿನ ತನಕ ಬಂದು, ಅಲ್ಲಿಂದ ಮೇಲೆ ಏರಲು ಹೆದರಿ ನಿಂತಿತು. ನಂಬದಿದ್ದರೆ ಬಿಡಿ. ಮೊಸಳೆಗೆ ಗೊತ್ತು.

ಅಜ್ಜಾರು ಪಟ್ಟಕ್ಕೆ ಬಂದ ಮೊದಲ ವರ್ಷದ ಮಾತು ಇನ್ನೊಂದಿದೆ. ಆಗ ಅವರಿನ್ನೂ ಹುಡುಗರು. ಪಲ್ಲಕ್ಕಿ ಮೇಲೆದ್ದ ಕೂಡಲೇ, ಎಲ್ಲಿ ಬೀಳುತ್ತೇನೋ ಅಂತ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದರು. ಪಲ್ಲಕ್ಕಿ ಓಲಾಡಿತು. ಹೊತ್ತವರ ಹೆಜ್ಜೆ ತಪ್ಪಿತು.

ಮುಂದಿನಿಂದ ಫಕೀರಪ್ಪ ತಿರುಗಿ ನೋಡದೆ ಅಂದ:

"ಮೈ ಸಡ್ಲ ಬಿಡ್ರಿ ಅಜ್ಜಾರ. ನೀವು ಬಿಗಿ ಹಿಡದ್ರ ಹೊರೋರಿಗೆ ಇಬ್ಬರ ಭಾರ."

ಅಜ್ಜಾರು ಕೈ ಬಿಟ್ಟರು. ಪಲ್ಲಕ್ಕಿ ನೆಟ್ಟಗಾಯಿತು.

"ನಮ್ಮ ಗುರುವಿಗೆ ನಾನ ಗುರು" ಅಂತ ಫಕೀರಪ್ಪ ಅವತ್ತಿನಿಂದ ಚಹಾದಂಗಡಿಯಲ್ಲಿ ಹೇಳದ ದಿನವಿಲ್ಲ.

ಅಂಥವನ ಮೊಣಕಾಲು ಕೆಟ್ಟಿತು.

ಅವನು ಕೂತಲ್ಲಿಂದ ಏಳುವಾಗ ಲಟಕ್ ಅನ್ನುವ ಸದ್ದಿಗೆ ಮಠದ ಪಾರಿವಾಳಗಳೆಲ್ಲ ಒಮ್ಮೆಲೇ ಹಾರುತ್ತಿದ್ದವು. ಎಣ್ಣೆ ತಿಕ್ಕಿದ, ಎಕ್ಕದ ಎಲೆ ಕಟ್ಟಿದ, ಬಿಸಿ ಉಪ್ಪಿನ ಗಂಟು ಇಟ್ಟ. ಪಾರಿವಾಳ ಹಾರುವುದು ನಿಲ್ಲಲಿಲ್ಲ.

ಪೇಟೆಯ ಡಾಕ್ಟರು ಫೋಟೋ ತೆಗೆಸಿ ನೋಡಿದರು.

"ಬಲಗಾಲಿನ ಕೀಲು ಪೂರಾ ಸವದೈತ್ರಿ ಯಜಮಾನರ. ಅದನ್ನ ತಗದು ಹೊಸಾದು ಕೂಡಿಸಬೇಕು. ಮುಂದಿನ ಮಂಗಳವಾರ ಬಂದು ಸೇರ್ರಿ. ಅಲ್ಲೀತನಕ ನೆಲದ ಮ್ಯಾಲೆ ಕುಂದ್ರಬ್ಯಾಡ್ರಿ. ವಾಕರ್ ಹಿಡದು ನಡಿಯೂದು ಈಗಿಂದನ ರೂಢಿ ಮಾಡ್ರಿ. ಮೊಣಕಾಲ ಕೆಳಗ ಟವೆಲ್ ಸುತ್ತಿಟ್ಟು ಒತ್ತಿ ಒತ್ತಿ ಬಿಡ್ರಿ, ತೊಡಿಗೆ ಬಲ ಬರತೈತಿ."

"ಆತ್ರಿ."

"ಬರುವಾಗ ಒಬ್ಬರು ಜೋಡಿ ಇರಬೇಕು. ಎಬ್ಬಿಸಿ ನಿಂದ್ರಸಾಕ, ಪಾಯಖಾನಿಗೆ ಹಿಡಕೊಂಡು ಹೋಗಾಕ. ಒಬ್ಬರ ಬಂದ್ರ ನಾ ಆಪರೇಷನ್ ಮಾಡೂದಿಲ್ಲ."

ಇದಕ್ಕೆ ಫಕೀರಪ್ಪ ಆತು ಅನ್ನಲಿಲ್ಲ.

ಊರಿಗೆ ಬಂದವನು ನೇರ ಹೊಳೆಯ ಮೆಟ್ಟಿಲಿಗೆ ಹೋದ. ಅಜ್ಜಾರು ಮೆಟ್ಟಿಲ ಮೇಲೆ ಕೂತು ಕಾಲನ್ನು ನೀರಿಗೆ ಬಿಟ್ಟಿದ್ದರು.

"ಅಜ್ಜಾರ, ಒಂದು ಮಾತು ಕೇಳಬೇಕಿತ್ರಿ."

"ಕೇಳು."

"ಯಾರ ಕೈನೂ ಹಿಡೀದ ಏಳೂದು ಹೆಂಗ?"

ಅಜ್ಜಾರು ನೀರಿನಿಂದ ಕಾಲು ಮೇಲೆ ತೆಗೆದರು.

"ಕೂಸಿದ್ದಾಗ ಮೊದಲನೇ ಸಲ ಹೆಂಗ ಎದ್ದು ನಿಂತಿ?"

"ನೆನಪಿಲ್ರಿ."

"ನನಗೂ ನೆನಪಿಲ್ಲ. ನಿನಗ ನೆನಪಾದ್ರ ಬಂದು ಹೇಳು."

ಫಕೀರಪ್ಪನಿಗೆ ರೇಗಿತು. "ಚ್ಯಾಷ್ಟಿ ಮಾಡಬ್ಯಾಡ್ರಿ ಅಜ್ಜಾರ. ನಾ ಇಡೀ ಮಠ ಹೊತ್ತವ. ನನ್ನ ಹಿಡಕೊಳ್ಳಾಕ ಒಬ್ಬರು ಬೇಕಂತ! ಒಬ್ಬನ ಹೋಗ್ತೀನಿ. ಡಾಕ್ಟರ್ ಬ್ಯಾಡಂದ್ರ ತಿರುಗಿ ಬರ್ತೀನಿ. ಈ ಕುಂಟ ಕಾಲ ಇರಲಿ ನನಗ."

ಅಜ್ಜಾರು ಕೂತಲ್ಲಿಂದಲೇ ಕೈ ಮೇಲೆತ್ತಿದರು.

"ಏಳತೀನಿ. ಕೈ ಕೊಡು."

ಫಕೀರಪ್ಪ ರೂಢಿಯಂತೆ ಕೈ ಕೊಟ್ಟು ಎಳೆದ. ಮೊಣಕಾಲು ಲಟಕ್ ಅಂತು. ಹಲ್ಲು ಕಚ್ಚಿದ. ಅಜ್ಜಾರು ಎದ್ದು ನಿಂತು, ತಾವು ಹಿಡಿದ ಕೈಯನ್ನೊಮ್ಮೆ ನೋಡಿ, ಅದನ್ನು ಮೆಲ್ಲಗೆ ಬಿಟ್ಟು ಒಳಗೆ ಹೋದರು.

ಮಂಗಳವಾರ ಹತ್ತಿರ ಬರತೊಡಗಿತು.

ಫಕೀರಪ್ಪ ಪೇಟೆಯಿಂದ ತಂದಿದ್ದ ವಾಕರನ್ನು ದನದ ಕೊಟ್ಟಿಗೆಯಲ್ಲಿ ನಿಲ್ಲಿಸಿ ಮೇಲೆ ಕಂಬಳಿ ಹೊಚ್ಚಿದ. ಯಾರಾದರೂ ನೋಡಿದರೆ? ನಾಲ್ಕು ಕಾಲಿನ ಆ ವಸ್ತುವನ್ನು ಎಮ್ಮೆ ತನ್ನ ಕರು ಅಂತ ತಿಳಿದು ನೆಕ್ಕಿತು. ಅಷ್ಟೇ ಅಲ್ಲ, ಆ ವಾರ ಒಂದು ತಂಬಿಗೆ ಹಾಲು ಹೆಚ್ಚಿಗೆ ಕೊಟ್ಟಿತು. ಅವನು ಬಾಗಿಲು ಹಾಕಿಕೊಂಡು ವಾಕರ್ ಹಿಡಿದು ಗೋದಲಿಯಿಂದ ಬಾಗಿಲಿಗೆ, ಬಾಗಿಲಿಂದ ಗೋದಲಿಗೆ ನಡೆಯುವನು. ಎಮ್ಮೆ ಹಿಂದೆ ಹಿಂದೆ ಬರುವುದು.

ಹೆಂಡತಿ ನೀಲವ್ವ ಮಠದ ದಾಸೋಹದಲ್ಲಿ ರೊಟ್ಟಿ ಬಡಿಯುವವಳು. ಅವಳು ಕೇಳದೆಯೇ ಕೆಲಸ ಮಾಡುತ್ತಾ ಹೋದಳು. ಕಾಲಿಗೆ ತೊಡರಬಾರದು ಅಂತ ನೆಲದ ಮೇಲಿನ ಕೌದಿ ಮಡಚಿ ತೆಗೆದಳು. ಮಂಚದ ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿದಳು. ಆಪರೇಷನ್ ಆದ ಮೇಲೆ ಕುಕ್ಕರಗಾಲಲ್ಲಿ ಕೂರುವಂತಿಲ್ಲವಲ್ಲ, ನಡುವೆ ತೂತಿರುವ ಕುರ್ಚಿಯನ್ನು ಪೇಟೆಯಿಂದ ತರಿಸಿದಳು.

ಅದನ್ನು ಪಕ್ಕದ ಮನೆಯ ಗುಡ್ಡಪ್ಪ ನೋಡಿಬಿಟ್ಟ.

"ಏನೋ ಫಕೀರಪ್ಪ, ಕುರ್ಚಿ ನಡುವ ತೂತು ಐತಲ್ಲೋ?"

"ಹೂವಿನ ಕುಂಡ ಇಡೂದದು. ಪ್ಯಾಟ್ಯಾಗ ಈಗ ಹಿಂಗ ಇಡ್ತಾರ."

ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡು, ಒಂದು ಮಲ್ಲಿಗೆ ಕುಂಡ ತಂದು ಅದರೊಳಗೆ ಇಟ್ಟಳು. ಚಂದವೇ ಕಂಡಿತು.

"ಮತ್ತ ಕಾಲ ಕೆಳಗ ಟವೆಲ್ ಇಟ್ಟು ಒತ್ತಾಕತ್ತೀಯಲ್ಲ, ಅದೇನು?"

"ಶ್ರೀಶೈಲಕ್ಕ ಪಾದಯಾತ್ರಿ ಹೊಂಟೀನಿ. ತೊಡಿ ಗಟ್ಟಿ ಮಾಡ್ಕೊಳಾಕತ್ತೀನಿ."

"ಯಾವಾಗ?"

"ಮಂಗಳವಾರ."

ಗುಡ್ಡಪ್ಪನ ಬಾಯಿಗೆ ಬಿದ್ದ ಮೇಲೆ ಕೇಳಬೇಕೇ? ಮಾತು ಅವನಿಗಿಂತ ಮೊದಲು ಚಹಾದಂಗಡಿ ಮುಟ್ಟಿತು.

ಗುಡ್ಡಪ್ಪ ಅತ್ತ ಹೋದ ಮೇಲೆ ನೀಲವ್ವ ಗಂಡನನ್ನು ಕೇಳಿದಳು.

"ಶ್ರೀಶೈಲಕ್ಕ ನಿಮ್ಮನ್ನ ಯಾರು ಹೊತ್ಕೊಂಡು ಹೊಂಟಾರ?"

"ಮೆಲ್ಲಕ ಮಾತಾಡು. ಯಾರರ ಕೇಳ್ಯಾರು."

"ದವಾಖಾನಿಗೆ ನಾ ಜೋಡಿ ಬರ್ತೀನಿ."

"ನೀನಾ? ನನ್ನ ಎತ್ತಾಕ?"

"ನಿಮ್ಮವ್ವ ಹಾಸಿಗಿ ಹಿಡದಾಗ ಎತ್ತಿ ಕುಂದರಸ್ತಿದ್ದಾಕಿ ನಾನ."

"ಅವ್ವ ಹಗೂರಿದ್ಲು."

"ನಿಮಗಿಂತ ದಪ್ಪಿದ್ಲು. ಆದ್ರ ನಾ ಬಗ್ಗಿದ ಕೂಡಲೇ ನನ್ನ ಕೊರಳಿಗೆ ಕೈ ಹಾಕ್ತಿದ್ಲು."

ಫಕೀರಪ್ಪ ಗೋಡೆ ಕಡೆ ತಿರುಗಿ ಟವೆಲ್ ಒತ್ತತೊಡಗಿದ.

ಸೋಮವಾರ ಬಂತು. ಪಾದಯಾತ್ರೆಗೆ ಹೊರಡುವವರನ್ನು ಮಠದ ಪಂಕ್ತಿಯಲ್ಲಿ ಮೊದಲಿಗೆ ಕೂರಿಸಿ ಉಣಿಸುವುದು ನಮ್ಮಲ್ಲಿ ಪದ್ಧತಿ. ಗುಡ್ಡಪ್ಪ ನಾಲ್ಕು ಜನರನ್ನು ಕರೆದುಕೊಂಡು ಬಂದು ಫಕೀರಪ್ಪನನ್ನು ಮೆರವಣಿಗೆಯ ಹಾಗೆ ಕರೆದೊಯ್ದ. ಅಜ್ಜಾರು ಒಳಗೆ ಪೂಜೆಯಲ್ಲಿದ್ದರು.

ಪಂಕ್ತಿ ಅಂದರೆ ನೆಲ. ನೆಲದ ಮೇಲೆ ಪತ್ರಾವಳಿ. ಕುರ್ಚಿ ಕೇಳಿದರೆ ಗುಟ್ಟು ಹೊರಗೆ. ಫಕೀರಪ್ಪ ಕಂಬ ಹಿಡಿದು, ಉಸಿರು ಹಿಡಿದು, ಹೇಗೋ ಇಳಿದು ಕೂತ. ಕೂತಲ್ಲಿಂದ ಎಲೆಯ ಕಡೆ ಸರಿಯುವಾಗ ಕಂಬ ಹಿಂದೆ ಉಳಿಯಿತು.

ಗೋಧಿ ಹುಗ್ಗಿಯನ್ನು ಎರಡು ಸಲ ಹಾಕಿಸಿಕೊಂಡ. ಹುಗ್ಗಿ ಚೆನ್ನಾಗಿ ಇಳಿಯಿತು.

ಎಲ್ಲರೂ ಎದ್ದರು. ಫಕೀರಪ್ಪ ಎಡಗೈ ಊರಿದ. ಬಲಗೈ ಊರಿದ. ಎರಡೂ ಊರಿದ. ಕಾಲು ತನ್ನದಲ್ಲ ಅನ್ನುವಂತೆ ಬಿದ್ದುಕೊಂಡಿತ್ತು. ದೂರದಲ್ಲಿ ರೊಟ್ಟಿ ಬಡಿಯುತ್ತಿದ್ದ ನೀಲವ್ವ ಹಿಟ್ಟು ಅಲ್ಲೇ ಬಿಟ್ಟು ಇತ್ತ ಹೆಜ್ಜೆ ಹಾಕಿದಳು. ಬರಬೇಡ ಅಂತ ಕಣ್ಣಲ್ಲೇ ತಡೆದ.

ಆಮೇಲೆ ಮಾಡಲು ಒಂದೇ ಕೆಲಸ ಉಳಿದಿತ್ತು. ಎರಡೂ ಕೈಯನ್ನು ತೊಡೆಯ ಮೇಲಿಟ್ಟು ಕಣ್ಣು ಮುಚ್ಚಿದ.

"ಏಳೋ ಫಕೀರಪ್ಪ" ಅಂದ ಗುಡ್ಡಪ್ಪ. "ಏ ಫಕೀರಪ್ಪ!" ಅಂತ ಹೆಗಲು ತಟ್ಟಿದ. ಗುಡ್ಡಪ್ಪ ಅವನ ಮುಖ ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

"ಧ್ಯಾನ ಹತ್ತೈತಿ ಇವಂಗ!"

ಊರು ನೆರೆಯಿತು. ಒಬ್ಬರು ಹಣೆಗೆ ವಿಭೂತಿ ಹಚ್ಚಿದರು. ಒಬ್ಬರು ಕೊರಳಿಗೆ ಹಾರ ಹಾಕಿದರು. ಹುಗ್ಗಿಯ ವಾಸನೆ ಹಿಡಿದು ಇರುವೆಗಳು ಸಾಲಾಗಿ ಬಂದು ಅವನ ತೊಡೆ ಹತ್ತಿ ಕಚ್ಚಿದವು. ಫಕೀರಪ್ಪ ಅಲ್ಲಾಡಲಿಲ್ಲ.

"ನೋಡ್ರಿ, ಮೈಮ್ಯಾಲೆ ಖಬರ ಇಲ್ಲ!"

ರಸ್ತೆಯ ಮೇಲೆ ಹೋಗುತ್ತಿದ್ದ ಬಸ್ಸು ನಿಂತಿತು. ಕಂಡಕ್ಟರು ಇಳಿದು ಬಂದು ಕೈ ಮುಗಿದ. ಹಿಂದೆಯೇ ಬಸ್ಸಿನವರೆಲ್ಲ ಇಳಿದು ಬಂದರು. ನಾನು ಒಂದು ತಲೆಯನ್ನೂ ಹೆಚ್ಚು ಸೇರಿಸಿ ಹೇಳುತ್ತಿಲ್ಲ.

ಅಜ್ಜಾರು ಬಂದರು. ಎಲ್ಲರನ್ನೂ ಹಿಂದೆ ಸರಿಸಿ, ಫಕೀರಪ್ಪನ ಎದುರಿಗೆ ನೆಲದ ಮೇಲೆ ಕೂತರು. ಅವನಿಗೆ ಮಾತ್ರ ಕೇಳುವ ಹಾಗೆ ಅಂದರು:

"ಯಾವಾಗ ಹತ್ತಿತು ಧ್ಯಾನ?"

"ಹುಗ್ಗಿ ಆದಮ್ಯಾಲೆ ಹತ್ತಿತ್ರಿ" ಅಂದ ಫಕೀರಪ್ಪ, ತುಟಿ ಅಲ್ಲಾಡಿಸದೆ.

"ಒಳಗ ಏನು ಕಾಣತೈತಿ?"

"ಪಾಯಖಾನಿ ಕಾಣತೈತ್ರಿ ಅಜ್ಜಾರ."

ಅಜ್ಜಾರು ನಗಲಿಲ್ಲ. ನಾನಾಗಿದ್ದರೆ ನಗುತ್ತಿದ್ದೆ.

"ಎಬ್ಬಿಸಾಕ ಹೇಳಲೇನು?"

"ಬ್ಯಾಡ್ರಿ. ಇವರೆಲ್ಲಾ ಮೊದಲ ಹೋಗಲಿ."

"ಇವರು ಹೋಗೂದಿಲ್ಲ. ನೀ ಕುಂತಷ್ಟೂ ಬರ್ತಾರ. ಸಂಜೀತನಕ ಕುಂತ್ರ ಗುಡಿ ಕಟ್ತಾರ."

ಫಕೀರಪ್ಪನ ಮುಚ್ಚಿದ ಕಣ್ಣಿನ ತುದಿಯಲ್ಲಿ ನೀರು ಕಾಣಿಸಿತು. ಸುತ್ತ ನಿಂತವರು ಭಕ್ತಿಯಿಂದ ಹಾ ಅಂದರು.

"ಅಂಜಿಕಿ ಆಗತೈತ್ರಿ."

"ಕೊಯ್ಯೂದಕ್ಕ?"

"ಕೊಯ್ಯೂದಕ್ಕ ಯಾರು ಅಂಜ್ತಾರ್ರಿ. ಹೊರೋ ಫಕೀರಪ್ಪ ಅಂತಾರ ನನಗ. ನನ್ನ ಇನ್ನೊಬ್ಬರು ಹೊತ್ತ ಮ್ಯಾಲೆ, ನಾ ಅಂತ ಉಳಿಯೂದು ಏನ್ರಿ?"

"ನಿನ್ನ ಹೆಗಲ ಮ್ಯಾಲೆ ಇಷ್ಟು ವರ್ಷ ಕುಂತೀನಿ" ಅಂದರು ಅಜ್ಜಾರು. "ಕಣ್ಣು ತಗದು ನೋಡು. ನಾ ಏನು ಉಳದೀನಿ?"

ಫಕೀರಪ್ಪ ಒಂದು ಕಣ್ಣನ್ನು ಎಳೆಯಷ್ಟು ತೆರೆದ. ಎದುರಿಗೆ, ಎಂಜಲೆಲೆಯ ಪಕ್ಕ, ಇರುವೆಗಳ ನಡುವೆ ಅಜ್ಜಾರು ಕೂತಿದ್ದರು. ಹೊತ್ತರೂ ಇಳಿಸಿದರೂ ಅದೇ ಅಜ್ಜಾರು.

"ಯಾರನ್ನ ಕರೀಲಿ?"

ಇರುವೆ ತೊಡೆಯಿಂದ ಹೊಟ್ಟೆಗೆ ಬಂತು. ಹೊಟ್ಟೆಯಿಂದ ಎದೆಗೆ ಬಂತು.

"ನೀಲವ್ವನ್ನ ಕರೀರಿ."

ನೀಲವ್ವ ಹಿಟ್ಟಿನ ಕೈ ಸೆರಗಿಗೆ ಒರೆಸುತ್ತ ಬಂದಳು. ಫಕೀರಪ್ಪ ಎರಡೂ ಕಣ್ಣು ಬಿಟ್ಟ. ಊರನ್ನು ನೋಡಿದ, ಕಂಡಕ್ಟರನ್ನೂ ನೋಡಿದ. ಪಲ್ಲಕ್ಕಿ ಎತ್ತುವಾಗ ಕೂಗುವ ದನಿಯಲ್ಲೇ ಕೂಗಿದ:

"ಶ್ರೀಶೈಲಕ್ಕ ಅಲ್ರೋ, ದವಾಖಾನಿಗೆ ಹೊಂಟೀನಿ! ಮೊಣಕಾಲು ಹೋಗೈತಿ. ಏಳಾಕ ಬರವಲ್ದು."



"ಮತ್ತ ಆ ಹೂವಿನ ಕುಂಡ?" ಅಂದ ಗುಡ್ಡಪ್ಪ.

"ಅದು ಪಾಯಖಾನಿ ಕುರ್ಚಿ, ಮಗನ!"

ಮೊದಲು ಕಂಡಕ್ಟರ್ ನಕ್ಕ. ಆಮೇಲೆ ಇಡೀ ಬಸ್ಸು ನಕ್ಕಿತು. ಆ ಗದ್ದಲದಲ್ಲಿ ಫಕೀರಪ್ಪ ನೀಲವ್ವನನ್ನು ಮೆಲ್ಲಗೆ ಕೇಳಿದ:

"ನಾಳೆ ಜೋಡಿ ಬರ್ತಿ?"

"ನನ್ನ ಚೀಲಾನೂ ಕಟ್ಟಿಟ್ಟೀನಿ."

ಅವಳು ಬಗ್ಗಿ ಅವನ ಕಂಕುಳಿಗೆ ತೋಳು ಕೊಟ್ಟಳು. ಇನ್ನೊಂದು ಕಡೆ ಗುಡ್ಡಪ್ಪ ಕೊಟ್ಟ. ಹೂಂ ಅಂತ ಎತ್ತಿದರು. ಫಕೀರಪ್ಪ ಮುಷ್ಟಿ ಬಿಗಿದ, ಹಲ್ಲು ಬಿಗಿದ, ಕೊರಳ ನರ ಹಗ್ಗದ ಹಾಗೆ ಎದ್ದು ನಿಂತಿತು. ಒಂದು ಬೆರಳಿನಷ್ಟೂ ಮೇಲೇಳಲಿಲ್ಲ.

"ಅಯ್ಯ, ಕಲ್ಲಗಂಬ ಆಗ್ಯಾರಲ್ರಿ ಇವರು" ಅಂದಳು ನೀಲವ್ವ.

ಅಜ್ಜಾರು ಎದ್ದು ಅವನ ಹಿಂದೆ ಬಂದು ನಿಂತರು. ಬಗ್ಗಿ, ಅವನ ಕಿವಿಯ ಹತ್ತಿರ ಬಾಯಿ ತಂದು, ಎಂದೂ ಹಾಗೆ ಕರೆಯದವರು ಕರೆದರು:

"ಮೈ ಸಡ್ಲ ಬಿಡ್ರಿ, ಫಕೀರಪ್ಪನವರ. ಬಿಗಿ ಹಿಡದ್ರ ಹೊರೋರಿಗೆ ಇಬ್ಬರ ಭಾರ."