ಸದ್ದಿಲ್ಲದ ಹೊಲ

“ಗುರುಗಳೇ, ಸುಮ್ಮನಿದ್ದರೆ ಬದುಕಿಕೊಳ್ಳಬಹುದಾದ ಹಾವು ಬುಸುಗುಟ್ಟಿ ಯಾಕೆ ಸಾಯುತ್ತದೆ? ಇಷ್ಟು ಕಾಲವಾದರೂ ಅದರ ಜಾತಿಗೆ ಬುದ್ಧಿ ಬಂದಿಲ್ಲವೇ?” ಎಂದು ಶಿಷ್ಯ ಕೇಳಿದ.

ಅಂದು ಬೆಳಿಗ್ಗೆ ಅವನು ಆಶ್ರಮದ ಸೌದೆ ಕೊಟ್ಟಿಗೆಯಲ್ಲಿ ಒಂದು ಕೊಳಕುಮಂಡಲವನ್ನು ಹೊಡೆದು ಹಾಕಿದ್ದ. ಬುಸುಗುಟ್ಟುವ ಸದ್ದಿನ ಜಾಡು ಹಿಡಿದೇ ಅದನ್ನು ಪತ್ತೆಮಾಡಿದ್ದ. ಆಮೇಲೆ ಬಾಗಿಲಲ್ಲಿ ನಿಂತು ಆಲಿಸಿದ. ಮತ್ತೆ ಸದ್ದಿರಲಿಲ್ಲ. “ಅಲ್ಲೀಗ ಸದ್ದಿಲ್ಲ. ಇನ್ನು ಭಯವಿಲ್ಲ” ಎಂದು ಗುರುಗಳಿಗೂ ಹೇಳಿದ.

“ಬುದ್ಧಿ ಹಾವಿಗೆ ಬರುವುದಿಲ್ಲ. ನಿನಗೂ ಬರುವುದು ನಿಧಾನ. ಕೂತುಕೋ” ಎಂದು ಗುರು ಈ ಕತೆ ಹೇಳಿದರು.

ಒಂದು ಕಾಡಿನಲ್ಲಿ ಕೊಳಕುಮಂಡಲಗಳು ಬಹಳ ಇದ್ದವು. ಈ ಹಾವು ಮೊಟ್ಟೆ ಇಡುವುದಿಲ್ಲ. ಒಂದು ಸಲಕ್ಕೆ ಇಪ್ಪತ್ತು ಮೂವತ್ತು ಮರಿ ಹಾಕುತ್ತದೆ. ಒಂದೇ ತಾಯಿಯ ಮರಿಗಳಾದರೂ ಒಂದರ ಹಾಗೆ ಒಂದಿರುವುದಿಲ್ಲ. ಒಂದು ಮರಿ ಎಲೆ ಅಲುಗಿದರೂ ಬುಸುಗುಟ್ಟುತ್ತದೆ. ಇನ್ನೊಂದು ಹೆಜ್ಜೆ ಹತ್ತಿರ ಬರುವ ತನಕ ಕಾಯುತ್ತದೆ. ಎಲ್ಲೋ ಒಂದು ಹುಟ್ಟಿನಿಂದಲೇ ಮೂಕ. ಸದ್ದು ಕೇಳಿದ ಕಾಡೆಮ್ಮೆಗಳು ಪಕ್ಕಕ್ಕೆ ಸರಿದು ಹೋಗುತ್ತಿದ್ದವು. ಮೂಕ ಹಾವು ಗೊರಸಿಗೆ ಸಿಕ್ಕಿ ಸಾಯುತ್ತಿತ್ತು. ಹಾಗಾಗಿ ಆ ಕಾಡಿನಲ್ಲಿ ಉಳಿದು ಮರಿ ಹಾಕಿದವು ಹೆಚ್ಚಾಗಿ ಬುಸುಗುಟ್ಟುವ ಹಾವುಗಳೇ.

ಜನ ಬಂದರು. ಕಾಡು ಕಡಿದು ರಾಗಿ ಬಿತ್ತಿದರು. ಕೊಯ್ಲಿಗೆ ಬಗ್ಗಿದವರಲ್ಲಿ ಕೆಲವರು ಹಾವು ಕಡಿದು ಸತ್ತರು. ಆಗ ಊರಿನಲ್ಲಿ ಒಂದು ಕಟ್ಟಳೆ ಹುಟ್ಟಿತು. ಕುಡುಗೋಲು ಹಾಕುವ ಮುನ್ನ ಎಲ್ಲರೂ ಬದುವಿನ ಮೇಲೆ ಮಾತಿಲ್ಲದೆ ನಿಲ್ಲಬೇಕು. ಕಿವಿ ಚುರುಕಾಗಿದ್ದ ಒಬ್ಬ ರೈತ ಮಣ್ಣಿನ ಹೆಂಟೆ ಎಸೆಯುತ್ತ ಹೊಲ ಸುತ್ತಬೇಕು. ಬುಸುಗುಟ್ಟಿದ ಕಡೆಗೆ ಹೋಗಿ ಕೋಲಿನಿಂದ ಹೊಡೆಯಬೇಕು. ಸದ್ದು ಪೂರ್ತಿ ನಿಂತ ಮೇಲೆಯೇ ಹೆಂಗಸರು ಪೈರಿಗೆ ಇಳಿಯಬೇಕು.

ಮೊದಲ ವರ್ಷ ನಲವತ್ತು ಹಾವು ಸತ್ತವು. ಹತ್ತು ವರ್ಷ ಕಳೆದ ಮೇಲೆ ಒಂದು ಸುಗ್ಗಿಗೆ ಹನ್ನೆರಡು ಸಿಕ್ಕವು. ಇಪ್ಪತ್ತೈದನೆಯ ವರ್ಷ ಎರಡು. ಮೂವತ್ತನೆಯ ವರ್ಷ ಒಂದೂ ಬುಸುಗುಟ್ಟಲಿಲ್ಲ. “ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ” ಎಂದು ಊರವರು ನಕ್ಕರು. ರೈತನ ತಲೆಗೆ ಹೊಸ ಪೇಟ ಸುತ್ತಿದರು. ಪೇಟ ದೊಡ್ಡದಾದರೆ ಕಿವಿಯನ್ನೂ ಮುಚ್ಚುತ್ತದೆ, ಏನು ಮಾಡುವುದು.

ಆ ರೈತನಿಗೆ ದೇವೀರಿ ಎಂಬ ಒಬ್ಬಳೇ ಮಗಳು. ಮರುವರ್ಷ ಕೊಯ್ಲಿನ ಹಿಂದಿನ ದಿನ ಅವಳು ಹೊಲದಿಂದ ಮುಖ ಬಿಳಿಚಿಕೊಂಡು ಬಂದಳು.

“ಅಪ್ಪಾ, ಬದಿನ ಮ್ಯಾಲೆ ಹಾವಿನ ಪೊರೆ ಬಿದ್ದವೆ. ಒಂದಲ್ಲ, ಏಳು. ಹಾವಿಲ್ದಿದ್ರೆ ಇಲಿ ಹೆಚ್ಚಬೇಕಿತ್ತು, ಒಂದು ತೆನೆನೂ ಇಲಿ ಮುಟ್ಟಿಲ್ಲ. ನಂಗೆ ಕಾಲಿಡಾಕೆ ಭಯ ಆಯ್ತದೆ.”

“ಹಳೇ ಪೊರೆ ಕಣವ್ವಾ. ನನ್ನ ಕಿವಿ ಇನ್ನೂ ಸತ್ತಿಲ್ಲ. ನಾಳೆ ನೀನೇ ಮೊದ್ಲು ಇಳಿ, ಊರು ನೋಡ್ಲಿ.”

ಮರುದಿನ ಅವನು ಹೆಂಟೆ ಎಸೆದ. ಒಂದು ಉಸಿರೂ ಕೇಳಲಿಲ್ಲ. ಮಗಳಿಗೆ ಕೈ ಸನ್ನೆ ಮಾಡಿದ. ಊರೆದುರು ಅಪ್ಪನ ಮಾತು ಬೀಳಬಾರದೆಂದು ಅವಳು ಇಳಿದಳು. ಇಪ್ಪತ್ತು ಹೆಜ್ಜೆ ಒಳಗೆ ಹೋಗಿ ಕೊಯ್ಯತೊಡಗಿದಳು. ಮೂರನೆಯ ಹಿಡಿ ಕೊಯ್ದವಳು ಹಾಗೇ ನಿಂತಳು.

“ಅಪ್ಪಾ, ಮುಳ್ಳು ಚುಚ್ತು” ಎಂದಳು.

ರಾಗಿ ಹೊಲದಲ್ಲಿ ಮುಳ್ಳಿರಲಿಲ್ಲ. ಅದು ಅವನಿಗೆ ಗೊತ್ತಿತ್ತು. ಓಡಿಹೋಗಿ ಪೈರು ಸರಿಸಿದ. ಅವಳ ಕಾಲ ಬಳಿ ಕೊಳಕುಮಂಡಲ ಸುರುಳಿ ಸುತ್ತಿ ಕೂತಿತ್ತು. ಬುಸುಗುಟ್ಟುತ್ತದೇನೋ ಎಂದು ಅದರ ಮುಂದೆಯೇ ಕೋಲು ಬಡಿದ. ಅದು ತಲೆ ಎತ್ತಿ ಅವನನ್ನು ನೋಡಿತು. ಸದ್ದು ಮಾಡಲಿಲ್ಲ. ಮಾರು ದೂರದಲ್ಲಿ ಇನ್ನೊಂದಿತ್ತು. ಅವನು ಬಂದ ದಾರಿಯಲ್ಲೇ ಮತ್ತೊಂದಿತ್ತು. ಎಲ್ಲವೂ ಎಚ್ಚರವಾಗಿದ್ದವು, ಎಲ್ಲವೂ ಸುಮ್ಮನಿದ್ದವು.

ಅವನು ಮಗಳನ್ನು ಎತ್ತಿಕೊಂಡ. ಬದು ಇಪ್ಪತ್ತೇ ಹೆಜ್ಜೆ. ಮೊದಲ ಹೆಜ್ಜೆ ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ಮೂವತ್ತು ವರ್ಷ ಕಿವಿಯನ್ನು ನಂಬಿ ನಡೆದವನಿಗೆ ಕಣ್ಣಿಂದ ಹಾವು ಹುಡುಕಿ ಗೊತ್ತಿರಲಿಲ್ಲ. ಬದುವಿನ ಮೇಲಿದ್ದವರು ಅವನ ಹೆಸರು ಹಿಡಿದು ಕೂಗಿದರು, ಯಾರೂ ಇಳಿಯಲಿಲ್ಲ. ಬಿಸಿಲು ನೆತ್ತಿಗೆ ಬಂತು. ಅವನು ನಿಂತೇ ಇದ್ದ. ಅವನ ಕುತ್ತಿಗೆ ಸುತ್ತಿದ್ದ ಅವಳ ಕೈ ಸಡಿಲವಾಯಿತು.

ಗುರು ಇಷ್ಟಕ್ಕೆ ನಿಲ್ಲಿಸಿದರು.

“ಸುಮ್ಮನಿರಿ ಎಂದು ಆ ಹಾವುಗಳಿಗೆ ಯಾರು ಕಲಿಸಿದರು?” ಶಿಷ್ಯನ ದನಿ ತಗ್ಗಿತ್ತು.

“ಯಾರೂ ಕಲಿಸಲಿಲ್ಲ. ಯಾವ ಹಾವೂ ಕಲಿಯಲಿಲ್ಲ. ಬುಸುಗುಟ್ಟಿದವು ಮರಿ ಹಾಕುವ ಮೊದಲೇ ಸತ್ತವು. ಎಲ್ಲೋ ಒಂದೆರಡು ಮೂಕ ಹಾವು ಉಳಿದು ಮರಿ ಹಾಕಿದವು. ಅವುಗಳ ಮರಿಗಳಲ್ಲಿ ಹೆಚ್ಚಿನವು ತಾಯಿಯ ಹಾಗೆಯೇ ಆದವು. ನಾವು ಕಳೆ ಕಿತ್ತು ಪೈರು ಉಳಿಸುತ್ತೇವಲ್ಲ, ಹಾಗೆ ಆ ರೈತನ ಕೋಲು ವರ್ಷ ವರ್ಷವೂ ಮೂಕ ಹಾವನ್ನೇ ಆರಿಸಿ ಉಳಿಸಿತು. ಅವನಿಗೆ ಅದು ತಿಳಿಯಲಿಲ್ಲ, ಹಾವಿಗೂ ತಿಳಿಯಲಿಲ್ಲ.”

ಒಲೆಗೆ ಸೌದೆ ಮುಗಿಯಿತೆಂದು ಅಡುಗೆಯವನು ಒಳಗಿನಿಂದ ಕೂಗಿದ. ಶಿಷ್ಯ ಕೊಟ್ಟಿಗೆಯ ಕಡೆ ನೋಡಿದ. ಇಳಿಬಿಟ್ಟಿದ್ದ ಕಾಲುಗಳನ್ನು ಮೆಲ್ಲಗೆ ಜಗುಲಿಯ ಮೇಲಕ್ಕೆ ಎಳೆದುಕೊಂಡ.

“ಹೋಗಿ ತಾ, ಅಲ್ಲೀಗ ಸದ್ದಿಲ್ಲವೆಂದು ನೀನೇ ಹೇಳಿದೆಯಲ್ಲ” ಎಂದರು ಗುರು.