ಕಂಬಳಿ ಹೊದ್ದ ಗೂಡು

"ಗುರುಗಳೇ, ಒಂದು ಒಗಟು. ಹೊದಿಸಿದಷ್ಟೂ ನಡುಗುತ್ತದೆ. ಅದೇನು?"

ಗುರುಗಳು ಗಡ್ಡ ನೀವಿಕೊಂಡರು. ಗಡ್ಡ ಇರಲಿಲ್ಲ, ಗಲ್ಲ ನೀವಿಕೊಂಡರು. ಎಷ್ಟು ನೀವಿದರೂ ಉತ್ತರ ಬರಲಿಲ್ಲ.

"ಸೋತೆ ಕಣಯ್ಯಾ. ಏನದು?"

"ನನಗೂ ಗೊತ್ತಿಲ್ಲ. ಅದಕ್ಕೇ ಕೇಳಿದ್ದು" ಎಂದ ಶಿಷ್ಯ.

ಆಮೇಲೆ ನಿಜ ಹೊರಬಂತು. ಶಿಷ್ಯ ಎರಡು ಗಿನಿಪಿಗ್ ಸಾಕಿದ್ದ. ಬಾಲವಿಲ್ಲದ, ಅಂಗೈ ತುಂಬುವ ಪ್ರಾಣಿಗಳು. ಮಠದೊಳಗೆ ಬಿಟ್ಟುಕೊಳ್ಳಲಿಲ್ಲ ಎಂದು ಹಿತ್ತಲಿನ ಮರದ ಗೂಡಿನಲ್ಲಿ ಇಟ್ಟಿದ್ದ. ಚಳಿ ಶುರುವಾದಾಗ ಗೂಡಿಗೆ ಗೋಣಿಚೀಲ ಸುತ್ತಿದ. ನಡುಗಿದವು. ಇನ್ನೊಂದು ಸುತ್ತಿದ. ಇನ್ನೂ ನಡುಗಿದವು. ಇವತ್ತು ಬೆಳಿಗ್ಗೆಯಿಂದ ಹುಲ್ಲನ್ನೂ ಮುಟ್ಟಿಲ್ಲ. ಇಷ್ಟು ಹೇಳುವಷ್ಟರಲ್ಲಿ ಅವನ ಕಣ್ಣು ಗುರುಗಳ ಹೆಗಲ ಮೇಲಿನ ಶಾಲಿಗೆ ಹೋಗಿತ್ತು.

"ಶಾಲು ಸಿಗಲ್ಲ. ಕತೆ ಕೊಡುತ್ತೇನೆ, ತೊಗೋ" ಎಂದರು ಗುರುಗಳು.

ಒಬ್ಬ ಕಂಬಳಿ ವ್ಯಾಪಾರಿ ಇದ್ದ. ಅವನೂ ಅಂಗಡಿಯ ಹೊರಗೆ, ಗೂಡಿನಲ್ಲಿ ಗಿನಿಪಿಗ್ ಸಾಕಿದ್ದ. ಚಳಿಗಾಲ ಬಂತು. ಒಳ್ಳೆಯ ಕಂಬಳಿಗಳನ್ನೇ ಆರಿಸಿ ಗೂಡಿನ ನಾಲ್ಕೂ ಕಡೆ ಸುತ್ತಿದ. ಸೂಜಿ ತೂರುವಷ್ಟೂ ಸಂದು ಬಿಡಲಿಲ್ಲ. ಸಂಜೆ ಮುಚ್ಚಳ ಎತ್ತಿ ಮೇಲಿನಿಂದಲೇ ಒಣಹುಲ್ಲು ಸುರಿದು ಮುಚ್ಚುತ್ತಿದ್ದ. ಬೆಳಗಾಗುವಷ್ಟರಲ್ಲಿ ಅದು ಒದ್ದೆಮುದ್ದೆ. ಪ್ರಾಣಿಗಳ ಉಸಿರು, ಉಚ್ಚೆಯ ಹಸಿ, ಯಾವುದಕ್ಕೂ ಹೊರಗೆ ದಾರಿಯಿರಲಿಲ್ಲ. ಅವನಿಗೆ ಅದು ತಿಳಿಯಲಿಲ್ಲ. ಕಂಬಳಿ ಮಾರಿ ಬದುಕಿದವನು, ಕಂಬಳಿಯನ್ನೇ ಮುಟ್ಟಿ ನೋಡಿದ. ದಿನಾ ಹೊರಗಿನಿಂದ ಸವರಿ, "ಮಾಲು ಬೆಚ್ಚಗಿದೆ. ನಡುಗುತ್ತಾವೆ ಅಂದರೆ ಇನ್ನೊಂದು ಬೇಕು" ಎಂದು ಇನ್ನೊಂದು ಸುತ್ತುತ್ತಿದ್ದ.

ಹೆಂಡತಿ ನೋಡಿ ನೋಡಿ ಸಾಕಾಗಿ ಹೇಳಿದಳು: "ಏನ್ರೀ, ನೀವೇ ಒಂದು ದಿನ ಆ ಗೂಡಲ್ಲಿ ಮಲಗಿ ನೋಡಿ."

"ನಾನೆಲ್ಲಿ ಹಿಡಿಸ್ತೀನೇ ಅದರಲ್ಲಿ?"

"ಮೂಗು ಹಿಡಿಸುತ್ತಲ್ಲ!"

ಅವನು ಮೂಗೂ ಹಾಕಲಿಲ್ಲ.

ಒಂದು ಸಂಜೆ ಅವನು ಹುಲ್ಲು ಸುರಿದು ಒಳಗೆ ಹೋದ ಮೇಲೆ ಕಳ್ಳ ಬಂದ. ಅಂಗಡಿಗೆ ಬೀಗ ಇತ್ತು, ಗೂಡಿಗೆ ಇರಲಿಲ್ಲ. ಕಳ್ಳನಿಗೂ ಚಳಿಯೇ ತಾನೇ, ಗಾಳಿ ಬೀಸದ ಬದಿಯಲ್ಲಿ ನಿಂತ. ಆ ಬದಿಯ ಕಂಬಳಿಗಳನ್ನಷ್ಟೇ ಬಿಚ್ಚಿಕೊಂಡು ಹೋದ.

ಬೆಳಿಗ್ಗೆ ವ್ಯಾಪಾರಿ ತಲೆ ಚಚ್ಚಿಕೊಂಡ. ಸತ್ತೇ ಹೋಗಿವೆ ಎಂದುಕೊಂಡು ಗೂಡಿಗೆ ಕೈ ಹಾಕಿದ. ಆ ಕೈ ಒಳಗೆ ಹೋದದ್ದು ಅವತ್ತೇ ಮೊದಲು. ಹುಲ್ಲು ಒಣಗಿಯೇ ಇತ್ತು. ಪ್ರಾಣಿಗಳು ಅದರಲ್ಲಿ ಹುದುಗಿ, ಒಂದಕ್ಕೊಂದು ಒತ್ತಿಕೊಂಡು, ಹಾಸಿಗೆಯನ್ನೇ ಮೇಯುತ್ತಿದ್ದವು. ಮೈ ಬೆಚ್ಚಗಿತ್ತು.

ಶಿಷ್ಯನಿಗೆ ಖುಷಿಯೋ ಖುಷಿ.

"ಹಾಗಾದರೆ ಬದುಕಿಕೊಂಡವು! ಗುರುಗಳೇ, ಆ ಕಳ್ಳ ಎಲ್ಲಿ ಸಿಗುತ್ತಾನೆ? ನಮ್ಮ ಹಿತ್ತಲಿಗೂ ಒಂದು ಸಲ ಬಂದು ಹೋಗಲಿ. ಚೀಲ ನಾನೇ ಮಡಿಸಿ ಕೊಡುತ್ತೇನೆ."

ಗುರುಗಳು ನಗಲಿಲ್ಲ.

"ಕಳ್ಳ ಬಂದದ್ದು ಮಾತ್ರ ನಾನು ಕಟ್ಟಿ ಹೇಳಿದ್ದು ಕಣಯ್ಯಾ, ಆ ಗೂಡಿಗೆ ಯಾರೂ ಬರಲಿಲ್ಲ."