ಸಂಜೀವನ ಹಿಮ್ಮಡಿ

ಕಡಲ ತೀರದ ಒಂದು ಊರಿನಲ್ಲಿ ವಾರಿಜಾ ಎಂಬ ಬೇಕರಿಯವಳು ಇದ್ದಳು. ಅವಳ ಬನ್ನಿಗೆ ಊರೇ ಸಾಲು ನಿಲ್ಲುತ್ತಿತ್ತು. ಕಾಲೇಜಿಗೆ ಹೋಗುವ ಮಗಳಿದ್ದ ಈ ಹೆಂಗಸು ಒಂದು ದಿನ ಗಲ್ಲಾದ ಹಿಂದಿನಿಂದ ಎದ್ದು ನಿಂತು, "ನಾನು ಟ್ರಯಥ್ಲಾನ್ ಮಾಡ್ತೇನೆ" ಎಂದುಬಿಟ್ಟಳು.

ಟ್ರಯಥ್ಲಾನ್ ಎಂದರೆ ಗೊತ್ತಲ್ಲ? ಗೊತ್ತಿಲ್ಲದವರು ಕುಳಿತುಕೊಂಡು ಕೇಳಿ. ಅವಳು ಹಿಡಿದ ದೊಡ್ಡ ಬಗೆಯಲ್ಲಿ ಮೊದಲು ಕಡಲಲ್ಲಿ ಹೆಚ್ಚುಕಡಿಮೆ ನಾಲ್ಕು ಕಿಲೋಮೀಟರ್ ಈಜಬೇಕು. ಒದ್ದೆ ಮೈಯಲ್ಲೇ ಸೈಕಲ್ ಹತ್ತಿ ನೂರ ಎಂಬತ್ತು ಕಿಲೋಮೀಟರ್ ತುಳಿಯಬೇಕು. ಇಳಿದವರು ಅಲ್ಲೇ ಕುಸಿದು ಕೂರುವ ಹಾಗಿಲ್ಲ, ಇನ್ನೂ ನಲವತ್ತೆರಡು ಕಿಲೋಮೀಟರ್ ಓಡಬೇಕು. ಎಲ್ಲವೂ ಒಂದೇ ದಿನ! ಹೇಳುವಾಗಲೇ ನನಗೆ ಏದುಸಿರು ಬರುತ್ತಿದೆ.

ಇಷ್ಟಕ್ಕೂ ಅವಳಿಗೆ ಈ ಹುಚ್ಚು ಹಿಡಿಸಿದ್ದು ಒಂದು ಫ್ಲೆಕ್ಸು. ಅವಳ ಜೊತೆ ಶಾಲೆಯಲ್ಲಿ ಓದಿದ ಸಂಜೀವ ಹಿಂದಿನ ವರ್ಷ ಇದೇ ಸ್ಪರ್ಧೆ ಮುಗಿಸಿ ಬಂದಿದ್ದ. ಯುವಕ ಮಂಡಲದವರು ಅವನಿಗೆ ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ಬಸ್ ಸ್ಟ್ಯಾಂಡಿನಲ್ಲಿ ಆಳೆತ್ತರದ ಫ್ಲೆಕ್ಸ್ ಕಟ್ಟಿಸಿದರು. ಅದು ಬೇಕರಿಯ ನೇರ ಎದುರಿಗೇ ಬಂತು. ಬೆಳಗಿನಿಂದ ಸಂಜೆಯವರೆಗೆ ಸಂಜೀವನ ಹಲ್ಲು ನೋಡಿಕೊಂಡು ಬನ್ನು ಮಾರುವುದು ಸುಲಭವೇ, ನೀವೇ ಹೇಳಿ.

ಶಾಲೆಯಲ್ಲಿ ಇಬ್ಬರಿಗೂ ಆಟ ಕಲಿಸಿದ್ದ ಲೂಸಿ ಟೀಚರ್ ನಿವೃತ್ತರಾದ ಮೇಲೆ ಕಡಲಲ್ಲಿ ಈಜು ಕಲಿಸುತ್ತಿದ್ದರು. ವಾರಿಜಾ ನೇರ ಅವರ ಬಳಿ ಹೋದಳು.

"ಯಾಕೆ ಮಾಡುದು ನೀನು ಇದನ್ನು?" ಟೀಚರ್ ಕೇಳಿದರು.

"ಸಂಜೀವ ಮಾಡಿದ್ದಾನಲ್ಲ ಟೀಚರ್, ನನಗೆಂತ ಕಮ್ಮಿ?"

ಟೀಚರ್ ಜೋರಾಗಿ ನಕ್ಕರು. "ಈ ಉತ್ತರ ದಡದಲ್ಲಿ ನಡೀತದೆ ಮಾರಾಯ್ತಿ, ನೀರಿಗೆ ಸಾಲುದಿಲ್ಲ. ಇರಲಿ, ನಾಳೆಯಿಂದ ಬಾ. ಆದರೆ ನಾನು ಒಪ್ಪದೆ ಸ್ಪರ್ಧೆಗೆ ಹೋಗುವ ಹಾಗಿಲ್ಲ."

ವಾರಿಜಾ ಒಪ್ಪಿದಳು. ಆಮೇಲೆ ನೋಡಬೇಕಿತ್ತು ಅವಳ ಸಡಗರ! ಮುಂಜಾನೆ ಹಿಟ್ಟು ಉಬ್ಬಲು ಇಟ್ಟು, ಸೌದೆ ಒಲೆ ಹೊತ್ತಿಸಿ ಕಡಲಿಗೆ ಓಡುವಳು, ಈಜಿ ಬಂದು ಬನ್ನು ಬೇಯಿಸುವಳು. ಭಾನುವಾರ ಸೈಕಲ್ ಇಳಿದ ಕೂಡಲೇ ಓಡಲು ಹೋಗಿ, ಕಾಲು ಅವಳ ಮಾತು ಕೇಳದೆ ರಸ್ತೆ ಬದಿಯ ಎಳನೀರಿನ ರಾಶಿಯ ಮೇಲೆ ಕುಳಿತುಬಿಟ್ಟಳು. ಗಿರಾಕಿಗೆ ಖಾರಾ ಮಿಕ್ಸ್ಚರ್ ತೂಗುತ್ತಲೇ ನಿದ್ದೆ ಹೋದಳು. ಮೈಯೆಲ್ಲ ನೋವು, ಮುಖದಲ್ಲಿ ಮಾತ್ರ ಹಬ್ಬದ ಕಳೆ.

ಆದರೆ ಒಂದು ಚಾಳಿ ಅಂಟಿಕೊಂಡಿತು. ಎಲ್ಲಕ್ಕೂ ಸಂಜೀವನೇ ಮಾದರಿ. ಅವನ ಶೂ ಯಾವ ಕಂಪನಿಯದೋ ಅದೇ ಶೂ, ಅವನು ಬಾಳೆಹಣ್ಣು ತಿಂದರೆ ಬಾಳೆಹಣ್ಣು. ಎರಡನೇ ಸಲ ಸ್ಪರ್ಧೆಗೆ ಹೊರಟಿದ್ದ ಅವನೂ ಅದೇ ಕಡಲಿಗೆ ಬರುತ್ತಿದ್ದ. ಈಜುವಾಗ ಅವಳು ಅವನ ಹಿಮ್ಮಡಿಯ ಬೆನ್ನಿಗೇ ಇರುತ್ತಿದ್ದಳು. ಮುಂದಿರುವವನು ನೀರು ಸೀಳುತ್ತಾ ಹೋದರೆ ಹಿಂದಿರುವವರಿಗೆ ಶ್ರಮ ಕಡಿಮೆ. ಅದು ತಪ್ಪೇನಲ್ಲ, ಸ್ಪರ್ಧೆಯಲ್ಲೂ ಹಾಗೆ ಮಾಡುತ್ತಾರೆ.

"ತಲೆಯೆತ್ತಿ ದೀಪಸ್ತಂಭ ನೋಡು," ಎಂದು ಟೀಚರ್ ದಡದಿಂದ ಕೂಗಿ ಕೂಗಿ ಗಂಟಲು ಹರಿದುಕೊಂಡರು. ತಲೆಯೆತ್ತಿದರೆ ವೇಗ ಕಡಿಮೆಯಾಗುತ್ತದೆ ಎಂದು ವಾರಿಜಾ ಎತ್ತಲೇ ಇಲ್ಲ.

ಆಗಾಗ ಟೀಚರ್ ಅದೇ "ಯಾಕೆ ಮಾಡುದು" ಎಂಬ ಪ್ರಶ್ನೆ ಕೇಳುತ್ತಿದ್ದರು. "ಆರೋಗ್ಯಕ್ಕೆ ಒಳ್ಳೇದಲ್ವಾ" ಎನ್ನುವಳು ಒಮ್ಮೆ. ಇನ್ನೊಮ್ಮೆ, ಅಂದು ಬೆಳಿಗ್ಗೆ ವಾಟ್ಸ್ಆಪ್‌ನಲ್ಲಿ ಬಂದ ಸುಭಾಷಿತವನ್ನೇ ಒಪ್ಪಿಸುವಳು. ಟೀಚರ್ ತಲೆ ಅಲ್ಲಾಡಿಸಿ ಅವಳನ್ನು ನೀರಿಗೆ ಅಟ್ಟುವರು.

ಸ್ಪರ್ಧೆ ಹತ್ತಿರ ಬಂತು. ಯುವಕ ಮಂಡಲದವರಿಗೆ ಕಾಯುವ ತಾಳ್ಮೆಯೆಲ್ಲಿದೆ? "ವಾರಿಜಕ್ಕನಿಗೆ ಹಾರ್ದಿಕ ಅಭಿನಂದನೆಗಳು" ಎಂದು ಇಸವಿ ಸಮೇತ ಫ್ಲೆಕ್ಸ್ ಮಾಡಿಸಿ ಬೇಕರಿಗೇ ತಂದು ಇಟ್ಟರು.

ಉಳಿದದ್ದು ಕೊನೆಯ ಪರೀಕ್ಷೆ. ಮೀನಿನ ಜೆಟ್ಟಿಯಿಂದ ಹೊರಟು, ದಡದ ಉದ್ದಕ್ಕೂ ಈಜಿ, ದೀಪಸ್ತಂಭದ ನೇರಕ್ಕೆ ತೇಲಿಸಿದ ಕೆಂಪು ಬಲೂನನ್ನು ಸುತ್ತಿ ಅಲ್ಲೇ ದಡ ಹತ್ತಬೇಕು. "ಎರಡು ಗಂಟೆಯ ಒಳಗೆ ಬಂದರೆ ಕಳಿಸ್ತೇನೆ," ಎಂದರು ಟೀಚರ್. "ಬರದಿದ್ದರೆ ಈ ವರ್ಷ ಇಲ್ಲ. ಅಳಬೇಡ ಮತ್ತೆ."

ನಸುಕಿನಲ್ಲಿ ವಾರಿಜಾಳ ಜೊತೆ ಸಂಜೀವನೂ ನೀರಿಗಿಳಿದ. ದೂರದಲ್ಲಿ ಕಾವಲಿಗೆ ಒಂದು ದೋಣಿ. ವಾರಿಜಾ ಸಂಜೀವನ ಹಿಮ್ಮಡಿಯ ಬೆನ್ನು ಹಿಡಿದಳು. ಏನು ವೇಗ! ಇಷ್ಟು ಚೆನ್ನಾಗಿ ಯಾವತ್ತೂ ಈಜಿರಲಿಲ್ಲ. ಇಂದು ಗೆದ್ದೆ ಎಂದುಕೊಂಡಳು.

ಹಿಮ್ಮಡಿ ತಟ್ಟನೆ ನಿಂತಿತು. ಸಂಜೀವ ತಲೆಯೆತ್ತಿ ಒಂದು ಕೆಂಪು ಪ್ಲಾಸ್ಟಿಕ್ ಕ್ಯಾನನ್ನು ಪಿಳಿಪಿಳಿ ನೋಡುತ್ತಿದ್ದ. ಅದು ಬಲೂನಲ್ಲ, ಮೀನುಗಾರರು ಬಲೆಗೆ ಕಟ್ಟಿದ ಗುರುತು. ದಡ ಎಲ್ಲೋ ದೂರ ಉಳಿದಿತ್ತು.

"ಎಂತ ಸಂಜೀವ ಇದು? ದಾರಿ ನೋಡ್ಲಿಲ್ವಾ ನೀನು?"

"ನೀನು ಹಿಂದೆಯೇ ಬರ್ತಾ ಇದ್ದೆಯಲ್ಲ ಮಾರಾಯ್ತಿ! ದಾರಿ ತಪ್ಪಿದ್ದರೆ ನೀನು ಬರ್ತಿರಲಿಲ್ಲ ಅಂದುಕೊಂಡೆ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ತಿಂಗಳ ಬೆವರು ಒಂದು ಹಳೆಯ ಕ್ಯಾನಿನ ಹತ್ತಿರ ತಂದು ಬಿಟ್ಟಿತ್ತು. ದೀಪಸ್ತಂಭವನ್ನು ಹುಡುಕಲು ಅವಳು ಮೊದಲ ಬಾರಿಗೆ ಪೂರ್ತಿ ತಲೆಯೆತ್ತಿದಳು.

ಎದುರಿಗೆ ಅವಳ ಊರು ಇತ್ತು.

ಆ ಊರಿನವರಿಗೆಲ್ಲ ಸೂರ್ಯ ಕಡಲಲ್ಲಿ ಮುಳುಗುವುದು ಗೊತ್ತು. ಈಗ ಅವಳ ಕಣ್ಣೆದುರು ಸೂರ್ಯ ಅವಳ ಊರಿನಿಂದಲೇ ಏಳುತ್ತಿದ್ದ! ತೆಂಗಿನ ಸಾಲಿನ ಮೇಲೆ ಬೆಳಕು, ಅದರ ಬದಿಗೆ ದೀಪಸ್ತಂಭ, ಒಂದು ತಗಡಿನ ಮಾಡು, ಅದರಿಂದ ಏಳುವ ಹೊಗೆ. ಅಯ್ಯೋ, ಅದು ಅವಳದೇ ಬೇಕರಿ! ನಲವತ್ತು ದಾಟಿದ ಮೇಲೆ ತನ್ನ ಊರನ್ನು ಅವಳು ಮೊದಲ ಸಲ ಕಡಲ ಕಡೆಯಿಂದ ನೋಡುತ್ತಿದ್ದಳು.

ಆಗ ಅಪ್ಪ ನೆನಪಾದರು. ದೋಣಿಯಲ್ಲಿ ಮೀನಿಗೆ ಹೋಗುತ್ತಿದ್ದ ಅಪ್ಪ, ಬಂದವರೇ ಅವಳನ್ನು ಎತ್ತಿಕೊಂಡು, "ಅಲ್ಲಿಂದ ನಮ್ಮ ಮನೆ ಎಷ್ಟು ಚಂದ ಕಾಣ್ತದೆ ಗೊತ್ತುಂಟಾ ಮಗಾ?" ಎನ್ನುತ್ತಿದ್ದರು. "ನನ್ನನ್ನೂ ಕರ್ಕೊಂಡು ಹೋಗಿ" ಎಂದು ಅವಳು ಹಟ ಮಾಡುತ್ತಿದ್ದಳು. ಹೆಣ್ಣುಮಕ್ಕಳನ್ನು ದೋಣಿ ಹತ್ತಿಸುವ ರೂಢಿ ಅವರಲ್ಲಿ ಇರಲಿಲ್ಲ. "ದೊಡ್ಡವಳಾಗು, ನೋಡುವ" ಎನ್ನುತ್ತಿದ್ದ ಅಪ್ಪ, ಅವಳು ದೊಡ್ಡವಳಾಗುವ ಮೊದಲೇ ತೀರಿಕೊಂಡರು.

ಈಜುವ ಕನ್ನಡಕದೊಳಗೆ ಉಪ್ಪುನೀರು ತುಂಬಿತು. ಅದು ಕಡಲಿನದಲ್ಲ.

ಕಾವಲಿನ ದೋಣಿ ಬಂತು. ಸಂಜೀವ ಹತ್ತಿ ಕುಳಿತು ಕೈ ಚಾಚಿದ. "ಬಾ, ಇನ್ನು ಟೈಮಿಗೆ ಮುಟ್ಟುದಿಲ್ಲ."

"ನೀನು ಹೋಗು. ನಾನು ಈಜಿಯೇ ಬರ್ತೇನೆ."

ಅವಳು ಈಜಿದಳು. ನಡುನಡುವೆ ತಲೆಯೆತ್ತಿ ದೀಪಸ್ತಂಭ ನೋಡಿದಳು. ಪ್ರತಿ ಸಲವೂ ಊರು ಸ್ವಲ್ಪ ಹತ್ತಿರ ಬಂದಿರುತ್ತಿತ್ತು. ಮಕ್ಕಳು ಮೊದಲ ಬಾರಿ ರೈಲು ಹತ್ತಿದಾಗ ಕಿಟಕಿ ಬಿಡುವುದಿಲ್ಲವಲ್ಲ, ಅವಳೂ ಹಾಗೇ ನೋಡಿದಳು. ಬಲೂನು ಸುತ್ತಿ ದಡ ಹತ್ತುವಾಗ ಬಿಸಿಲು ಏರಿತ್ತು.

ಟೀಚರ್ ಗಡಿಯಾರ ತೋರಿಸಿದರು. "ಟೈಮ್ ಮುಗಿದು ಎಷ್ಟೋ ಹೊತ್ತಾಯ್ತು."

"ಗೊತ್ತುಂಟು ಟೀಚರ್. ಯಾಕೆ ಮಾಡುದು ಅಂತ ಇವತ್ತು ಕೇಳಿ!"

ಟೀಚರ್ ಕೇಳಿದರು. ವಾರಿಜಾ ಎಲ್ಲ ಹೇಳಿದಳು, ಅಪ್ಪನ ಮಾತು, ಊರಿನಿಂದ ಏಳುವ ಸೂರ್ಯ, ಬೇಕರಿಯ ಹೊಗೆ. ಟೀಚರ್ ಟವೆಲ್ ಹೊದೆಸಿದರು.

"ಉತ್ತರ ಸರಿ ಉಂಟು," ಎಂದರು. "ಆದರೆ ಮಾತು ಮಾತೇ. ಈ ವರ್ಷ ಕಳಿಸುದಿಲ್ಲ."

ಸ್ಪರ್ಧೆ ಇಲ್ಲ, ಶಾಲು ಇಲ್ಲ, ಫ್ಲೆಕ್ಸೂ ಇಲ್ಲ. ಅವಳು ಒದ್ದೆ ಕೂದಲು ಹಿಂಡಿಕೊಂಡು ನಕ್ಕಳು.

"ಆಯ್ತು ಟೀಚರ್. ನಾಳೆ ಎಷ್ಟು ಗಂಟೆಗೆ ಬರಲಿ?"

ಫ್ಲೆಕ್ಸ್ ಬೇಕರಿಯ ಸೌದೆಗೆ ಹೊದಿಕೆಯಾಯಿತು. ಮುಂದಿನ ವರ್ಷ ಅವಳು ಸ್ಪರ್ಧೆ ಮುಗಿಸಿದಾಗ ಯುವಕ ಮಂಡಲದವರು ಅದನ್ನೇ ತೊಳೆದು, ಇಸವಿಯ ಮೇಲೆ ಕಾಗದ ಅಂಟಿಸಿ ಬಸ್ ಸ್ಟ್ಯಾಂಡಿನಲ್ಲಿ ಕಟ್ಟಿದರು. ಯಾರೋ ಹೇಳುವವರೆಗೂ ವಾರಿಜಾ ಅದನ್ನು ಗಮನಿಸಿರಲಿಲ್ಲ. ಅವಳು ಆಗ ಕಡಲಲ್ಲಿದ್ದಳು.

ನೀತಿ: ಬೇರೆಯವರ ಹಿಂದೆ ಹೋದರೆ ಶ್ರಮ ಉಳಿಯುತ್ತದೆ, ಆದರೆ ಅವರು ನಿಂತಲ್ಲೇ ನಾವೂ ನಿಲ್ಲಬೇಕಾಗುತ್ತದೆ. ಯಾವ ಕೆಲಸಕ್ಕೆ ಇಳಿದರೂ ನಡುವೆ ಒಮ್ಮೆ ತಲೆಯೆತ್ತಿ, ನಾನು ಇಲ್ಲಿಗೆ ಬಂದದ್ದು ಯಾಕೆ ಎಂದು ನೋಡಿಕೊಳ್ಳಿ. ಆ ಉತ್ತರ ನಿಮ್ಮದೇ ಆಗಿದ್ದರೆ, ಬಹುಮಾನ ತಪ್ಪಿಹೋದ ಮರುದಿನವೂ ನೀವು ಖುಷಿಯಿಂದ ನೀರಿಗಿಳಿಯುತ್ತೀರಿ.